ಮಸುಕು ಕಿಟಕಿಯ ಮೂರು ಗೆರೆ

"ಕನ್ನಡ್ಯಾಗ ನೋಡಿದ್ರ ಹಿಂದಿನ ಗಾಡಿ ನಂಬರ್ ಓದಾಕ ಬರಬೇಕ್ರಿ. ಬಂತಂದ್ರ ಈ ಗಾಡಿ ಮನ್ಯಾಗ ಇರತೈತಿ. ಬರಲಿಲ್ಲಂದ್ರ ಆಯುಧಪೂಜಿ ಮುಗಿದ ಮ್ಯಾಲೆ ಕೊಟ್ಟಬಿಡೋದು. ಗಿರಾಕಿ ಹುಡುಕಿ ಇಟ್ಟೀನಿ."

ಹೀಗೆ ಷರತ್ತು ಹಾಕಿದವರು ಒಬ್ಬ ನಿವೃತ್ತ ಎಂಜಿನಿಯರ್. ಊರು ಹಾವೇರಿ ಕಡೆ, ಈಗ ಹೋಪ್ ಫಾರ್ಮ್ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ವಾಸ. ಷರತ್ತು ನನಗಲ್ಲ, ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿಗೆ. ಆದರೆ ಅದನ್ನು ಗೆದ್ದುಕೊಡಬೇಕಾದವಳು ನಾನು. ಕಾಡುಗೋಡಿಯಲ್ಲಿ ನನ್ನದು ಕಾರಿನ ಸೀಟ್ ಕವರ್ ಹೊಲಿಯುವ, ಒಳಗಿನ ಕೆಲಸ ಮಾಡುವ ಅಂಗಡಿ. ಮೆಟ್ರೋ ಇನ್ನೂ ನಮ್ಮ ಕಡೆ ತಲೆ ಹಾಕಿರದ ಕಾಲ. ರಸ್ತೆ ಆಗಲೇ ಕಿಕ್ಕಿರಿದಿತ್ತು, ಧೂಳಿಗೂ ಬರವಿರಲಿಲ್ಲ.

ಕಾರು ಮುದ್ದಾಗಿತ್ತು. ಎರಡೇ ಸೀಟಿನ ಪುಟ್ಟ ಕೆಂಪು ಗಾಡಿ, ಕಪ್ಪು ಬಟ್ಟೆಯ ಮೇಲ್ಛಾವಣಿ. ಬೇಕೆಂದಾಗ ಛಾವಣಿಯನ್ನು ಕೊಡೆಯ ಹಾಗೆ ಮಡಚಿ ಹಿಂದಕ್ಕೆ ಹಾಕಬಹುದು. ಮಡಚುವಾಗ ಒಡೆಯಬಾರದೆಂದು ಇಂಥ ಗಾಡಿಗಳ ಹಿಂದಿನ ಕಿಟಕಿಗೆ ಗಾಜು ಹಾಕದೆ ಮೆತ್ತನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಟ್ಟೆಗೆ ಸೇರಿಸಿ ಹೊಲಿದಿರುತ್ತಾರೆ. ಈ ಕಾರಿನ ಹಾಳೆ ಪಾರದರ್ಶಕವಾಗಿ ಉಳಿದಿರಲಿಲ್ಲ. ಹಾಲಿನ ಪಾತ್ರೆ ತೊಳೆದ ನೀರಿನಂತೆ ಮಬ್ಬಾಗಿತ್ತು. ಆ ಮಬ್ಬಿನಿಂದಾಗಿ ಮೇಡಂ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ರಿವರ್ಸ್ ತೆಗೆಯುವಾಗ ಕಂಬಕ್ಕೆ ಗುದ್ದಿದ್ದರು. ಬಂಪರ್ ನೆಗ್ಗಿತ್ತು, ಮನೆಯಲ್ಲಿ ಮಾತು ಬೆಳೆದಿತ್ತು.

"ಹೊಸದು ಹಾಕ್ಬಿಡಿ ಅಕ್ಕಾ," ಎಂದ ನಮ್ಮ ಟೈಲರ್. ಅಂಗಡಿಯಲ್ಲಿ ಹೊಲಿಗೆಯೆಲ್ಲ ಅವನದೇ. ನನಗಿಂತ ಹಿರಿಯ, ಆದರೂ ನನ್ನನ್ನು ಅಕ್ಕಾ ಅಂತಲೇ ಕರೆಯುತ್ತಿದ್ದ, ನಾನು ಅವನನ್ನು ಭಾಯ್ ಅಂತ. ಆದರೆ ಈ ಮಾದರಿಯ ಕಾರಿನ ತಯಾರಿಕೆಯೇ ನಿಂತುಹೋಗಿತ್ತು. ಹೊಸ ಛಾವಣಿ ಎಲ್ಲೂ ಸಿಗುತ್ತಿರಲಿಲ್ಲ. ಕಿಟಕಿಯನ್ನಷ್ಟೇ ಕತ್ತರಿಸಿ ಬೇರೆ ಹಾಳೆ ಹೊಲಿಯೋಣವೆಂದರೆ, ಹಳೆಯ ಬಟ್ಟೆ ಹೊಸ ಹೊಲಿಗೆಯನ್ನು ತಡೆಯುವ ಸ್ಥಿತಿಯಲ್ಲಿರಲಿಲ್ಲ. ಸೂಜಿ ಚುಚ್ಚಿದ ಕಡೆಯೇ ಹರಿಯುತ್ತಿತ್ತು. ಇರುವುದನ್ನೇ ತಿಳಿ ಮಾಡಬೇಕು, ಬೇರೆ ದಾರಿಯಿಲ್ಲ.

ಒಪ್ಪಿಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿದೆ. ಹಾಳೆಯ ಮೇಲೆ ಧಾರಾಳವಾಗಿ ನೀರು ಹರಿಸಿ ನೋಡಿದೆ. ನೀರು ಬಿದ್ದಾಗಲೂ ಮಬ್ಬು ಹಾಗೇ ಇದ್ದರೆ ಪ್ಲಾಸ್ಟಿಕ್ ಒಳಗಿನಿಂದಲೇ ಕೆಟ್ಟಿದೆ ಎಂದರ್ಥ, ಅದಕ್ಕೆ ಮದ್ದಿಲ್ಲ. ನೀರು ಬಿದ್ದ ಕೂಡಲೇ ತಿಳಿಯಾದರೆ ಮಬ್ಬೆಲ್ಲ ಮೇಲ್ಮೈಯ ಸಣ್ಣ ಗೀರುಗಳದ್ದು. ನೀರು ಆ ಗೀರುಗಳನ್ನು ತುಂಬಿಕೊಂಡು ಸ್ವಲ್ಪ ಹೊತ್ತು ಮರೆಮಾಚುತ್ತದೆ. ಕೊಡದ ನೀರು ಸುರಿಯುತ್ತಿದ್ದಂತೆ ಒಳಗಿನ ಸೀಟು, ಸ್ಟೀರಿಂಗ್ ಎಲ್ಲ ಕಂಡವು. ಮೇಡಂ ಮುಖ ಅರಳಿತು. ಒಣಗುತ್ತಿದ್ದಂತೆ ಮಬ್ಬು ಮರಳಿತು. ಅವರ ಮುಖವೂ ಅದರ ಜೊತೆಗೇ ಬಾಡಿತು.

"ಆಗತೈತ್ರಿ ಇದು?" ಎಂದರು.

"ಆಗುತ್ತೆ ಮೇಡಂ. ಆದ್ರೆ ಬೇಗ ಆಗಲ್ಲ. ಅವಸರ ಮಾಡಿದ್ರೆ ಇರೋದೂ ಹೋಗುತ್ತೆ."

ಯಜಮಾನರು ಗಡಿಯಾರ ನೋಡಿಕೊಂಡರು. ಅವಸರ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಆದರೆ ಹೆಂಡತಿಯ ಜೊತೆ ಷರತ್ತು ಕಟ್ಟಿದ ಗಂಡನ ಮಾತಿಗೆ ನಡುವೆ ಬಾಯಿ ಹಾಕುವಷ್ಟು ದಡ್ಡಿ ನಾನಲ್ಲ. ಕಾರಿನ ಕೀ ತೆಗೆದುಕೊಂಡು ಸುಮ್ಮನಾದೆ.

ಆ ಹೊತ್ತಿಗೆ ಅಂಗಡಿಯಲ್ಲಿ ಕೈಗೆ ಬಿಡುವಿರಲಿಲ್ಲ. ಆಯುಧಪೂಜೆಗೆ ಮುಂಚೆ ಹೊಸ ಸೀಟ್ ಕವರ್ ಹಾಕಿಸದೆ ಪೂಜೆ ಮಾಡಿದರೆ ಗಾಡಿ ಮುನಿಸಿಕೊಳ್ಳುತ್ತದೆ ಅನ್ನುವಂತೆ ಎಲ್ಲರೂ ಆ ದಿನಗಳಲ್ಲೇ ಬರುತ್ತಾರೆ. ಭಾಯ್ ಮಷಿನ್ನಿನಿಂದ ತಲೆ ಎತ್ತುತ್ತಿರಲಿಲ್ಲ. ಅದೇ ನನ್ನ ಮೊದಲ ತೊಂದರೆಯಾಯಿತು. ಹೊಲಿಗೆ ನಡೆಯುವ ಕಡೆ ಗುರುತು ಹಾಕುವ ಸೀಮೆಸುಣ್ಣದ ಪುಡಿ, ಫೋಮಿನ ಪುಡಿ, ದಾರದ ಚೂರು ಗಾಳಿಯಲ್ಲಿ ಹಾರಾಡುತ್ತಲೇ ಇರುತ್ತವೆ. ಮೆತ್ತನೆಯ ಪ್ಲಾಸ್ಟಿಕ್ಕನ್ನು ಉಜ್ಜುವಾಗ ಅದರಲ್ಲೊಂದು ಕಣ ಬಟ್ಟೆಯ ಕೆಳಗೆ ಸಿಕ್ಕಿಕೊಂಡರೆ ಸಾಕು, ಹೊಸ ಗೀರು. ಹಾಗಾಗಿ ಶೆಡ್ಡಿನ ಹಿಂಭಾಗದಲ್ಲಿ ಟಾರ್ಪಾಲಿನ್ ಕಟ್ಟಿ ಕಾರನ್ನು ಬೇರೆ ಮಾಡಿದೆ. ನೆಲಕ್ಕೆ ನೀರು ಚಿಮುಕಿಸಿದೆ.

"ಬಾಣಂತಿ ಕೋಣೆ ಮಾಡ್ಬಿಟ್ರಲ್ಲ ಅಕ್ಕಾ," ಎಂದು ಭಾಯ್ ನಕ್ಕ.

ತೊಳೆಯುವ ನೀರಿನದ್ದು ಇನ್ನೊಂದು ತಕರಾರು. ನಮ್ಮ ಬೋರ್‌ವೆಲ್ ನೀರು ಗಡಸು. ಒಣಗಿದರೆ ಬಿಳಿ ಉಪ್ಪಿನ ಕಲೆ ಉಳಿಯುತ್ತದೆ, ಆ ಉಪ್ಪನ್ನು ಒರೆಸಿದರೆ ಅದೇ ಗೀರುತ್ತದೆ. ಕುಡಿಯುವ ಕ್ಯಾನ್ ನೀರನ್ನೇ ಬಳಸಿದೆ. ಮಗುವಿನ ಶಾಂಪೂ ನಾಲ್ಕು ಹನಿ ಹಾಕಿ, ಬಳೆ ತೆಗೆದಿಟ್ಟು, ಬರಿಗೈಯಲ್ಲೇ ಮೇಲಿನಿಂದ ಕೆಳಗೆ ಸವರಿ ತೊಳೆದೆ. ಮೊದಲ ಸಲ ಬಟ್ಟೆ ಮುಟ್ಟಿಸಲೇ ಇಲ್ಲ. ಬೆರಳಿಗೆ ಮರಳು ಸಿಕ್ಕರೆ ಗೊತ್ತಾಗುತ್ತದೆ, ಬಟ್ಟೆಗೆ ಗೊತ್ತಾಗುವುದಿಲ್ಲ.

"ನಮಗೆ ಕುಡಿಯೋಕೆ ಬೋರ್ ನೀರು, ಕಾರಿಗೆ ಸ್ನಾನಕ್ಕೆ ಕ್ಯಾನ್ ನೀರು," ಎಂದ ಭಾಯ್.

"ನಿನ್ನ ಮುಖ ಮಬ್ಬಾದ್ರೆ ನಿನಗೂ ಕ್ಯಾನ್ ನೀರೇ ಹಾಕ್ತೀನಿ, ಹೋಗು."

ತೊಳೆದ ಮೇಲೆ ಕೊಳೆ ಹೋಯಿತು, ಗೀರು ಉಳಿಯಿತು. ಇನ್ನು ಪಾಲಿಶ್ ಬೇಕು. ರಸ್ತೆಯಲ್ಲಿ ಹೋಗುವವರೆಲ್ಲ ಸಲಹೆ ಕೊಟ್ಟರು. ಒಬ್ಬರು ಟೂತ್‌ಪೇಸ್ಟ್ ಹಚ್ಚಿ ಅಂದರು, ಇನ್ನೊಬ್ಬರು ಸೀಮೆಎಣ್ಣೆ, ಮತ್ತೊಬ್ಬರು ಗಾಜು ಒರೆಸುವ ನೀಲಿ ನೀರು. ಸೀಮೆಎಣ್ಣೆ, ಥಿನ್ನರ್, ಸ್ಪಿರಿಟ್ ಇವೆಲ್ಲ ಆ ಹಾಳೆಯ ಮೆದುತನವನ್ನೇ ಹೀರಿಬಿಡುತ್ತವೆ, ಆಮೇಲೆ ಮಡಚಿದ ಕಡೆ ಅದು ಹಪ್ಪಳದಂತೆ ಮುರಿಯುತ್ತದೆ. ಗಾಜಿನ ನೀಲಿ ನೀರಿನಲ್ಲಿರುವ ಅಮೋನಿಯಾ ಕೂಡ ಅದಕ್ಕೆ ಆಗದು. ಭಾಯ್ ಕಾರಿನ ಹೆಡ್‌ಲೈಟ್ ಪಾಲಿಶ್ ಮಾಡುವ ಮಷಿನ್ ತಂದು ನಿಲ್ಲಿಸಿದ. ಅದನ್ನೂ ಬೇಡವೆಂದೆ. ಹೆಡ್‌ಲೈಟಿನ ಪ್ಲಾಸ್ಟಿಕ್ ಗಟ್ಟಿ, ಇದು ಮೆದು. ಮಷಿನ್ ತಿರುಗುವ ಬಿಸಿಗೆ ಇದು ಕರಗಿ ಸುಕ್ಕುಗಟ್ಟುತ್ತದೆ.

ಮರುದಿನ ಬೆಳಗ್ಗೆ ಪೀಣ್ಯಕ್ಕೆ ಹೋದೆ. ಊರಿನ ಈ ತುದಿಯಿಂದ ಆ ತುದಿಗೆ, ಬಸ್ಸಿನ ಮೇಲೆ ಬಸ್ಸು ಬದಲಿಸಿಕೊಂಡು. ಅಂಗಡಿ ಬೋರ್ಡು ಮಾಡುವವರಿಗೆ ಸಾಮಾನು ಮಾರುವ ಒಬ್ಬರು ಅಲ್ಲಿದ್ದರು. "ಗಟ್ಟಿ ಪ್ಲಾಸ್ಟಿಕ್ಕಾ, ಮಡಚೋ ಪ್ಲಾಸ್ಟಿಕ್ಕಾ ಮೇಡಂ?" ಎಂಬುದೇ ಅವರ ಮೊದಲ ಪ್ರಶ್ನೆ. ಕೇಳಿ ನನಗೆ ನೆಮ್ಮದಿಯಾಯಿತು. ಮಡಚುವ ಹಾಳೆಗೆಂದೇ ಇರುವ ಪೇಸ್ಟು ಎರಡು ಬಗೆಯದು ಕೊಟ್ಟರು. ಒಂದು ಗೀರನ್ನು ತಗ್ಗಿಸುವುದು, ಇನ್ನೊಂದು ಅದಕ್ಕಿಂತ ನಯ, ಹೊಳಪಿಗೆ. "ಮೂಲೆಯಲ್ಲಿ ಹಚ್ಚಿ ನೋಡಿ, ಆಮೇಲೆ ನಡುವಿಗೆ ಹೋಗಿ," ಎಂದು ಎರಡು ಸಲ ಹೇಳಿದರು.

ಹಾಳೆಯ ಸುತ್ತಲಿನ ಹೊಲಿಗೆಗೆ, ಕಪ್ಪು ಬಟ್ಟೆಗೆ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಪೇಸ್ಟ್ ಬಟ್ಟೆಗೆ ತಾಗಿದರೆ ಬಿಳಿ ಕಲೆ ಹೋಗುವುದೇ ಇಲ್ಲ. ಉಜ್ಜಲು ನಮ್ಮಪ್ಪನ ಹಳೆಯ ಪಂಚೆ ತಂದಿದ್ದೆ, ಒಗೆದೂ ಒಗೆದೂ ಬೆಣ್ಣೆಯಾಗಿತ್ತು. ಅದರ ಒರಟು ಅಂಚನ್ನು ಮಾತ್ರ ಕತ್ತರಿಸಿ ಎಸೆದೆ. ಹೊರಗಿನಿಂದ ಒತ್ತಿದಾಗ ಹಾಳೆ ಒಳಕ್ಕೆ ಬಾಗಿದರೆ ಬಿರುಕು ಬಿಡುತ್ತದೆ. ಹಾಗಾಗಿ ಒಳಗಿನಿಂದ ಯಾರಾದರೂ ಆಸರೆ ಕೊಡಬೇಕು. ಭಾಯ್ ಸೀಟಿನ ಮೇಲೆ ಮಂಡಿಯೂರಿ, ಫೋಮ್ ಸುತ್ತಿದ ಹಲಗೆಯನ್ನು ಒಳಗಿನಿಂದ ಆನಿಸಿ ಹಿಡಿದ. ಎರಡು ಸೀಟಿನ ಆ ಗೂಡಿನಲ್ಲಿ ಅವನ ಹಿಂಭಾಗಕ್ಕೂ ಸ್ಟೀರಿಂಗಿಗೂ ಜಗಳ ಶುರುವಾಯಿತು. ಪ್ರತಿ ಸಲ ಹಾರ್ನ್ ಹೊಡೆದುಕೊಂಡಾಗ ರಸ್ತೆಯವರು ತಿರುಗಿ ನೋಡುತ್ತಿದ್ದರು.

ಮೂಲೆಯ ಪರೀಕ್ಷೆಯಲ್ಲಿ ಪೇಸ್ಟ್ ಗೆದ್ದಿತು. ನಡುವಿಗೆ ಬಂದೆ. ಹಗುರವಾಗಿ, ಒಂದೇ ಕಡೆ ನಿಲ್ಲದೆ, ಹಾಳೆ ಬೆಚ್ಚಗಾಯಿತೆನಿಸಿದ ಕೂಡಲೇ ಕೈ ತೆಗೆದು, ಒದ್ದೆ ಬಟ್ಟೆಯಿಂದ ಪೇಸ್ಟ್ ಒರೆಸಿ, ಮತ್ತೆ ಶುರು. ಸಂಜೆ ಹೊತ್ತಿಗೆ ಮೇಲಿನ ಮಬ್ಬು ಬಹುಪಾಲು ಇಳಿದಿತ್ತು. ಭಾಯ್ ಕಾರಿನಿಂದ ಕಷ್ಟಪಟ್ಟು ಹೊರಬಂದು, ಸೊಂಟ ಹಿಡಿದುಕೊಂಡು ದೂರ ನಿಂತು ನೋಡಿದ.

"ಅಕ್ಕಾ, ಇಲ್ಲಿ ಬನ್ನಿ. ಈ ಕಾರು ವಿಭೂತಿ ಹಚ್ಕೊಂಡಿದೆ!"

ತಮಾಷೆಗೆ ಅಂದಿದ್ದ. ನಾನು ಅವನ ಪಕ್ಕಕ್ಕೆ ಹೋಗಿ ನಿಂತು ನೋಡಿದೆ. ಇಳಿಬಿಸಿಲು ಓರೆಯಾಗಿ ಬೀಳುತ್ತಿತ್ತು. ತಿಳಿಯಾದ ಹಾಳೆಯ ನಡುವೆ ಅಡ್ಡಲಾಗಿ ಮೂರು ಮಬ್ಬು ಪಟ್ಟೆ. ಒಂದರ ಕೆಳಗೊಂದು, ಮೂರು ಬೆರಳಿನ ಅಗಲದಲ್ಲಿ, ನೇರಕ್ಕೆ. ಕೊಳೆಯೆಲ್ಲ ಇದ್ದಾಗ ಕಾಣದಿದ್ದ ಪಟ್ಟೆಗಳು ಈಗ ಎದ್ದು ನಿಂತಿದ್ದವು. ಧೂಳು ಹೀಗೆ ಗೀರುವುದಿಲ್ಲ. ಇದು ಕೈಯ ಕೆಲಸ, ಅದೂ ಮತ್ತೆ ಮತ್ತೆ ಅದೇ ಜಾಗದಲ್ಲಿ.

ಮೇಡಂಗೆ ಫೋನ್ ಮಾಡಿದೆ. ಬಂದು ನೋಡಿದರು. ಆಮೇಲೆ ಭಾಯ್ ಆಚೆ ಹೋಗುವವರೆಗೆ ಕಾದು ಹೇಳಿದರು.

"ನಮ್ಮ ಅತ್ತಿಯವ್ರು ಪ್ರತಿ ಸೋಮವಾರ ಗುಡಿಗೆ ಹೊಂಡೋ ಮುಂದ ಇಲ್ಲಿ ವಿಭೂತಿ ಹಚ್ಚತಾರ್ರೀ. ಹಿಂದಿನಿಂದ ಬರೋ ದೃಷ್ಟಿ ತಾಗಬಾರದು ಅಂತ. ಮನಿಗೆ ಬಂದ ಮ್ಯಾಲೆ ಅದು ನೆಲಕ್ಕ ಬಿದ್ದು ಯಾರರ ತುಳಿದಾರು ಅಂತ, ನೀರು ಹಾಕಂಗಿಲ್ಲ, ತಮ್ಮ ಸೆರಗಿನಿಂದನ ಒಣಾ ಒರಸ್ತಾರ."

"ಪ್ರತಿ ಸೋಮವಾರವಾ?"

"ಗಾಡಿ ತಗೊಂಡಾಗಿಂದ."

ಅಂದರೆ ವರ್ಷಗಟ್ಟಲೆ ವಾರಕ್ಕೊಮ್ಮೆ ಒಣ ವಿಭೂತಿಯಿಂದ ಅಡ್ಡಡ್ಡ ಉಜ್ಜಿದಂತಾಯಿತು. ಅದರ ಸುತ್ತ ಉಳಿದ ಮಬ್ಬು ಬಿಸಿಲು, ಧೂಳಿನದ್ದು. ಕನ್ನಡಿಯಲ್ಲಿ ನೋಡುವಾಗ ಕಣ್ಣು ಹೋಗುವ ಜಾಗದಲ್ಲೇ ಈ ಮೂರು ಪಟ್ಟೆ ಅಡ್ಡ ಬರುತ್ತಿದ್ದವು. ಕಂಬ ಕಾಣದಿದ್ದುದು ಮೇಡಂ ತಪ್ಪಲ್ಲ.

"ನಿಮಗೆ ಮೊದಲೇ ಗೊತ್ತಿತ್ತಾ ಮೇಡಂ?"

"ಅನುಮಾನ ಇತ್ತು. ಯಜಮಾನ್ರು ನನಗ ಬೈದ್ರು, ನಾ ಸುಮ್ನಾದ್ನಿ. ನೀವೂ ಅತ್ತಿಗೆ ಹೇಳಬ್ಯಾಡ್ರಿ. ಮನ್ಯಾಗ ನಾವಿಬ್ರು ಮಾತಾಡೋದ ಕಡಿಮಿ. ಚಾ ಕುಡೀರಿ, ಗುಳಿಗಿ ತಗೋರಿ, ಅಷ್ಟ. ಈ ಗಾಡ್ಯಾಗ ಕುಂತ್ರ ಮಾತ್ರ ಅವ್ರು ಬ್ಯಾರೆ ಮನಷ್ಯಾರ ಆಗ್ತಾರ. ಸಣ್ಣಾಕಿದ್ದಾಗಿನ ಕತಿ ಹೇಳ್ತಾರ, ನಗಸ್ತಾರ. ಈಗ ನೀವು ವಿಭೂತಿ ಸುದ್ದಿ ತೆಗೆದ್ರ ಅವ್ರು ಗಾಡಿ ಹತ್ತೋದ ಬಿಡ್ತಾರ."

ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿತು. ಆಗ ನನಗೆ ಈ ಕೆಲಸದ ತೂಕ ಗೊತ್ತಾಯಿತು. ಗಾಡಿ ಮಾರಿದರೆ ಹೋಗುವುದು ಗಾಡಿಯಲ್ಲ, ಆ ಸೋಮವಾರ. ಆಯಿತು ಮೇಡಂ, ಹೇಳುವುದಿಲ್ಲ ಎಂದು ಅವರನ್ನು ಕಳಿಸಿದೆ.

ಅಂದು ಮನೆಗೆ ಹೋದರೂ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಮರುದಿನ ಪಟ್ಟೆಗಳ ಮೇಲೆ ಉಗುರು ಎಳೆದು ನೋಡಿದೆ. ಅಲ್ಲಲ್ಲಿ ಉಗುರು ತಡೆಯಿತು. ಆಳವಾದ ಗೀರು ಎನ್ನುವುದಕ್ಕೆ ಅದೇ ಗುರುತು. ಭಾಯ್ ನೀರಿನಲ್ಲಿ ನೆನೆಸಿ ಉಜ್ಜುವ ನಯ ಉಪ್ಪುಕಾಗದ ಹಿಡಿದುಕೊಂಡು ಸಿದ್ಧನಾಗಿದ್ದ.

"ಇದೊಂದ್ ರೌಂಡ್ ಹೊಡೆದ್ಬಿಟ್ರೆ ಗೆರೆ ಮಾಯ ಅಕ್ಕಾ. ಆಚೆ ಇನ್ನೋವಾ ಸೀಟ್ ಕಾಯ್ತಾ ಇದೆ, ಅವರು ನನ್ನ ತಲೆ ತಿಂತಾ ಇದಾರೆ."

ಅವನು ಹೇಳಿದ್ದು ಸುಳ್ಳಲ್ಲ. ಕಾಗದದಿಂದ ಉಜ್ಜಿದರೆ ಗೆರೆ ಹೋಗಬಹುದು. ಆದರೆ ಹಾಳೆ ವಯಸ್ಸಾಗಿ ತೆಳುವಾಗಿತ್ತು, ಬಿರುಸಾಗಿತ್ತು. ಇರುವ ದಪ್ಪವನ್ನೇ ಕೆರೆದು ತೆಗೆದರೆ ಮುಂದೊಂದು ದಿನ ಛಾವಣಿ ಮಡಚುವಾಗ ಅಲ್ಲೇ ಸೀಳುತ್ತದೆ. ಕಾಗದ ಬೇಡವೆಂದೆ. ಕೈಯಿಂದಲೇ, ಪೇಸ್ಟಿನಿಂದಲೇ, ಎಷ್ಟು ದಿನವಾದರೂ ಸರಿ. ಮತ್ತು ಆ ಹೊತ್ತಿನಲ್ಲೇ ಇನ್ನೊಂದೂ ಸ್ಪಷ್ಟವಾಯಿತು. ಹೀಗೆ ಇಂಚಿಂಚು ತಗ್ಗಿಸಿದ ಗೀರಿನ ಮೇಲೆ ಬರುವ ಸೋಮವಾರ ಮತ್ತೆ ಒಣ ವಿಭೂತಿ ಉಜ್ಜಿದರೆ? ಮತ್ತೆ ಮಬ್ಬು, ಮತ್ತೆ ಕಂಬ, ಮತ್ತೆ ಗಿರಾಕಿ. ಮುಂದಿನ ಸಲ ತಗ್ಗಿಸಲು ಹಾಳೆಯಲ್ಲಿ ದಪ್ಪವೂ ಉಳಿದಿರುವುದಿಲ್ಲ.

ಮೇಡಂಗೆ ಮತ್ತೆ ಫೋನ್ ಮಾಡಿದೆ. "ಮೇಡಂ, ನಿನ್ನೆ ಒಪ್ಕೊಂಡ್ಬಿಟ್ಟೆ, ಆದ್ರೆ ಆಗಲ್ಲ. ನಿಮ್ಮನೆ ಅಜ್ಜಿಗೆ ಹೇಳ್ಲೇಬೇಕು. ಹೇಳದೆ ನಾನು ಈ ಕಿಟಕಿ ಮೇಲೆ ಇನ್ನು ಕೈಯಿಡಲ್ಲ. ನೀವು ಹೇಳಬೇಡಿ, ಅವರನ್ನ ಇಲ್ಲಿಗೆ ಕರ್ಕೊಂಡು ಬನ್ನಿ, ನಾನು ಹೇಳ್ತೀನಿ." "ಸಂಜಿಗೆ ಬರ್ತೀವಿ," ಎಂದರು. ಫೋನಿಟ್ಟು ಭಾಯ್ ಹತ್ತಿರ ಹೋದೆ.

"ಭಾಯ್, ನೀನೂ ಪಕ್ಕದಲ್ಲಿ ಇರು."

"ದೇವರ ವಿಷಯ ಅಕ್ಕಾ. ನಾನು ಆ ಟಾರ್ಪಾಲ್ ಆಚೆ ಇರ್ತೀನಿ. ಏನಾದ್ರೂ ಆದ್ರೆ ಕೂಗಿ."

ಮೇಡಂ ಜೊತೆ ಅಜ್ಜಿ ಆಟೋದಲ್ಲಿ ಬಂದರು. ಎಂಬತ್ತು ದಾಟಿದ ಗಟ್ಟಿ ಜೀವ, ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ. ನೇರವಾಗಿ ಕಾರಿನ ಹಿಂದೆ ಹೋಗಿ ನಿಂತರು. ಪಟ್ಟೆಗಳನ್ನು ತೋರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೇಡಂ ನೆಲ ನೋಡುತ್ತ ನಿಂತಿದ್ದರು.

"ಏನಂತಿ ತಂಗಿ? ವಿಭೂತಿಯಿಂದ ಗಾಡಿ ಕೆಡತೈತಿ? ಅದು ಹಚ್ಚಿದ್ರ ಮೈಯಾಗಿನ ಬ್ಯಾನಿ ಹೋಗತಾವು, ಇದು ಯಾವ ಲೆಕ್ಕ!"

"ಮೈಗೇನೂ ಆಗಲ್ಲ ಅಜ್ಜಿ. ಈ ಹಾಳೆ ಬಲು ಮೆದು. ನೀವೇ ನೋಡಿ." ಅಂಗಡಿಯಲ್ಲಿದ್ದ ಅಂಥದೇ ಪ್ಲಾಸ್ಟಿಕ್ಕಿನ ಹೊಸ ತುಂಡೊಂದನ್ನು ಅವರ ಕೈಗೆ ಕೊಟ್ಟೆ. ಅವರು ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು, ಮೂರು ಬೆರಳಿನಿಂದ ಹಚ್ಚಿ, ಸೆರಗಿನಿಂದ ಒರೆಸಿದರು. ಮತ್ತೆ ಹಚ್ಚಿ ಮತ್ತೆ ಒರೆಸಿದರು. ಬೆಳಕಿಗೆ ಹಿಡಿದರು. ಕೂದಲೆಳೆಯಂಥ ಗೀರುಗಳು ಫಳ್ಳೆಂದವು. ಅಜ್ಜಿ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದರು.

"ನನ್ನ ಲಿಂಗದ ಕರಡಿಗಿ ಬೆಳ್ಳೀದು," ಎಂದರು ಕೊನೆಗೆ, ಇಷ್ಟಲಿಂಗವಿಟ್ಟು ಕೊರಳಲ್ಲಿ ಧರಿಸಿದ್ದ ಪುಟ್ಟ ಕರಡಿಗೆಯನ್ನು ಮುಟ್ಟಿಕೊಂಡು. "ಕಪ್ಪಾದ್ರ ಇದ ವಿಭೂತಿಯಿಂದನ ತಿಕ್ಕತೀನಿ. ಬೆಳ್ಳಿ ಮ್ಯಾಗಿನ ಕಪ್ಪು ಕೆರದು ತೆಗೀತೈತಂದ್ರ, ಈ ಹಾಳಿ ಯಾವ ಗಿಡದ ತಪ್ಪಲು! ನನಗ್ಯಾಕ ಹೊಳೀಲಿಲ್ಲ ಇದು?" ಆಮೇಲೆ ಸೊಸೆಯ ಕಡೆ ತಿರುಗಿದರು. "ಹಂಗಾದ್ರ ಕಂಬಕ್ಕ ಗುದ್ದಿದಾಕಿ ನಾನ ಅನ್ನು. ಬೈಸ್ಕೊಂಡಾಕಿ ನೀನು. ಬಾಯಿ ಇರಲಿಲ್ಲೇನ ನಿನಗ, ಹೇಳಾಕ?"

"ಹೆಂಗ ಹೇಳ್ಲಿ ಅತ್ತಿ?" ಎಂದರು ಮೇಡಂ.

"ಬಾಯಿಲೆ ಹೇಳು!" ಅಜ್ಜಿ ಗದರಿದರು. ಆಮೇಲೆ ನನ್ನನ್ನು ಕೇಳಿದರು, "ಇನ್ನ ಮ್ಯಾಲೆ ಎಲ್ಲಿ ಹಚ್ಚಲಿ? ಮುಂದಿನ ಗಾಜಿಗೆ ಹಚ್ಚಿದ್ರ ದಾರಿ ಕಾಣಂಗಿಲ್ಲ ಅಂತ ಮಗ ಒದರತಾನ. ಗಾಲಿಗೆ ಹಚ್ಚಾಕ ಬರಂಗಿಲ್ಲ, ಅವು ಕಾಲಿದ್ದಂಗ."

ಟಾರ್ಪಾಲಿನ ಆಚೆ ಹೊಲಿಗೆ ಮಷಿನ್ ಕೂಡ ನಿಂತಿತ್ತು, ಭಾಯ್ ಕಿವಿಗೊಟ್ಟಿದ್ದ. ಅಜ್ಜಿ ತಾವೇ ಯೋಚಿಸಿ, ಕೈಯಲ್ಲಿದ್ದ ಗಟ್ಟಿಯ ಮೇಲೆ ಬೆರಳಾಡಿಸಿ, ಸೊಸೆಯನ್ನು ಹತ್ತಿರಕ್ಕೆ ಕರೆದು ಹಣೆಗೆ ಮೂರು ಗೆರೆ ಎಳೆದರು. "ಗಾಡಿ ಹೊಡಿಯಾಕಿ ನೀನ ಅಲ್ಲೇನ? ನಿನಗ ಹಚ್ಚಿದ್ರ ಗಾಡಿಗೆ ಮುಟ್ಟತೈತಿ," ಎಂದರು. ಮೇಡಂ ಬಗ್ಗಿಸಿದ ತಲೆಯನ್ನು ಮೇಲೆತ್ತಲೇ ಇಲ್ಲ. ನನಗೆ ಎಷ್ಟು ಹಗುರವಾಯಿತೆಂದರೆ, ಅಲ್ಲೇ ಇದ್ದ ಫೋಮಿನ ರಾಶಿಯ ಮೇಲೆ ಕುಳಿತುಬಿಟ್ಟೆ.

ಆಮೇಲಿನ ದಿನಗಳು ಬರೀ ಕೈಯ ಕೆಲಸ. ಮೊದಲ ಪೇಸ್ಟಿನಿಂದ ಪಟ್ಟೆಗಳ ಮೇಲೆ ಮಾತ್ರ, ಗೀರು ಹೋದ ದಿಕ್ಕಿಗೆ ಅಡ್ಡವಾಗಿ, ಮೇಲಿನಿಂದ ಕೆಳಗೆ. ತೊಳೆದು, ಒಣಗಿಸಿ, ನೋಡಿ, ಮತ್ತೆ. ಪಂಚೆಯ ಒಂದು ಮಗ್ಗುಲು ಒಮ್ಮೆ ಬಳಸಿದರೆ ಆಯಿತು, ಮತ್ತೆ ಅದನ್ನು ಮುಟ್ಟುತ್ತಿರಲಿಲ್ಲ. ಭಾಯ್ ಗೊಣಗುತ್ತಲೇ ದಿನಕ್ಕೆ ಒಂದು ಹೊತ್ತು ಹಲಗೆ ಹಿಡಿಯಲು ಬರುತ್ತಿದ್ದ. ನಿಧಾನ ಕೆಲಸದಲ್ಲಿ ಒಂದು ಸುಖವಿದೆ, ಅದನ್ನು ನಾನು ಯಾವ ಸೀಟ್ ಕವರಿನಲ್ಲೂ ಕಂಡಿಲ್ಲ. ಬೆರಳ ತುದಿಗೆ ಮೊದಲು ಒರಟಾಗಿ ತಾಗುತ್ತಿದ್ದ ಜಾಗ ಸ್ವಲ್ಪ ಸ್ವಲ್ಪವೇ ನುಣುಪಾಗುತ್ತ ಹೋಗುವುದು, ಕಣ್ಣಿಗೆ ಕಾಣುವ ಮೊದಲೇ ಕೈಗೆ ಗೊತ್ತಾಗುವುದು.

ಒಂದು ಮಧ್ಯಾಹ್ನ ದಬದಬ ಮಳೆ ಸುರಿಯಿತು. ನಾನು ಬೇರೆ ಗಿರಾಕಿಯ ಮನೆಗೆ ಹೋಗಿದ್ದೆ. ತಗಡಿನಿಂದ ಹನಿ ತೊಟ್ಟಿಕ್ಕುವುದನ್ನು ಕಂಡು ಭಾಯ್ ಕಾಳಜಿಯಿಂದ ಒದ್ದೆ ಕಾರಿಗೇ ಪ್ಲಾಸ್ಟಿಕ್ ಹೊದಿಕೆ ಎಳೆದು ಬಿಗಿಯಾಗಿ ಕಟ್ಟಿದ್ದ. ಬೆಳಗ್ಗೆ ಬಂದು ಹೊದಿಕೆ ತೆಗೆದರೆ ಕಿಟಕಿ ಪೂರ್ತಿ ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು. ಮೊದಲಿಗಿಂತಲೂ ಕಡೆಯಾಗಿತ್ತು. ಭಾಯ್ ಮಷಿನ್ ಬಿಟ್ಟು ಓಡಿಬಂದ.

"ಹಾಳಾಯ್ತಾ ಅಕ್ಕಾ?"

"ಗೊತ್ತಿಲ್ಲ ಭಾಯ್. ಯಾರೂ ಮುಟ್ಟಬೇಡಿ."

ಇಂಥ ಹಾಳೆ ತೇವ ಹೀರಿಕೊಂಡರೆ ಹೀಗೆ ಬಿಳಿಚಿಕೊಳ್ಳುವುದುಂಟು, ತಾನಾಗಿ ಒಣಗಿದರೆ ಇಳಿಯಲೂಬಹುದು ಎಂದು ಪೀಣ್ಯದವರು ಹೇಳಿದ್ದು ನೆನಪಿತ್ತು. ಆದರೆ ಹೇಳಿದ್ದು ಬೇರೆ, ಕಣ್ಣಾರೆ ಕಾಣುವುದು ಬೇರೆ. ಕಾರನ್ನು ಎಳೆಬಿಸಿಲಿಗೆ ತಳ್ಳಿ ನಿಲ್ಲಿಸಿದೆವು. ಅಂದು ಸೂರ್ಯನೂ ಮೋಡದ ಜೊತೆ ಆಟಕ್ಕಿಳಿದಿದ್ದ. ಊಟದ ಹೊತ್ತಿಗೆ ಅಂಚಿನಿಂದ ತಿಳಿಯಾಗುತ್ತ ಬಂತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಬಿಳಿಯೆಲ್ಲ ಆರಿಹೋಗಿ, ನಾವು ಬಿಟ್ಟಿದ್ದ ಜಾಗದಲ್ಲೇ ಕಿಟಕಿ ಮತ್ತೆ ಸಿಕ್ಕಿತು. ಭಾಯ್ ತಾನೇ ಹೋಗಿ ಇಬ್ಬರಿಗೂ ಚಹಾ ತಂದ. ಆಮೇಲೆ ಹಲಗೆ ಹಿಡಿಯುವಾಗ ಒಂದು ದಿನವೂ ಗೊಣಗಲಿಲ್ಲ.

ಒಳಭಾಗ ಸುಲಭವಾಯಿತು. ಅಲ್ಲಿ ಗೀರಿರಲಿಲ್ಲ, ಸಿಗರೇಟಿನ ಹೊಗೆಯಂಥ ಜಿಡ್ಡು ಮಾತ್ರ. ಇವರಿಗೆ ಮಾರಿದ ಹಳೆಯ ಮಾಲೀಕರ ಕಾಲದ್ದಿರಬೇಕು. ಶಾಂಪೂ ನೀರಿಗೇ ಬಿಟ್ಟಿತು. ಕೊನೆಗೆ ಎರಡನೆಯ ನಯ ಪೇಸ್ಟ್, ಅದರ ಮೇಲೆ ಬಿಸಿಲು ತಡೆಯುವ ದ್ರವದ ತೆಳು ಲೇಪ. ಮೂರು ಗೆರೆಗಳಲ್ಲಿ ಎರಡು ಹೋದವು. ನಡುವಿನದು ಓರೆಬಿಸಿಲಿಗೆ ಹಿಡಿದರೆ ಕೂದಲೆಳೆಯಷ್ಟು ಇನ್ನೂ ಕಾಣುತ್ತಿತ್ತು. ಅದನ್ನೂ ತೆಗೆಯಬಹುದೇ ಎಂದು ಕೈ ತುರಿಸಿತು. ಬೆರಳಿಟ್ಟು ಒತ್ತಿ ನೋಡಿದೆ. ಹಾಳೆ ಅಲ್ಲಿ ಸಾಕು ಅನ್ನುವಷ್ಟು ತೆಳುವಾಗಿತ್ತು. ಟೇಪ್ ಬಿಚ್ಚಿ ಪೇಸ್ಟಿನ ಡಬ್ಬಿ ಮುಚ್ಚಿದೆ.

ಹಬ್ಬಕ್ಕೆ ಮೊದಲು ಬಂದ ಸೋಮವಾರ ಮೂವರೂ ಬಂದರು. ಮೇಡಂಗೆ ಹೇಳಬೇಕಾದ್ದನ್ನು ಹೇಳಿದೆ. ಎಂದೂ ಒಣ ಬಟ್ಟೆಯಿಂದ ಒರೆಸಬಾರದು, ಮೊದಲು ನೀರು ಹರಿಸಬೇಕು. ಒದ್ದೆಯಿದ್ದಾಗ, ಚಳಿ ಬೆಳಗಿನಲ್ಲಿ ಛಾವಣಿ ಮಡಚಬಾರದು. ಮಡಚುವಾಗ ಹಾಳೆಯ ನಡುವೆ ಮೆತ್ತನೆಯ ಟವೆಲ್ ಹಾಸಬೇಕು. ಅಜ್ಜಿ ಒಂದೊಂದಕ್ಕೂ ಹೂಂಗುಟ್ಟಿದರು. ಯಜಮಾನರು ಕಿಟಕಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, ನಡುವಿನ ಗೆರೆಯನ್ನು ಕೂಡಲೇ ಕಂಡುಹಿಡಿದರು. ಎಂಜಿನಿಯರ್ ಅಂದರೆ ಹಾಗೇ.

"ಇಲ್ಲೊಂದು ಉಳಿದೈತಲ್ರಿ. ಇಷ್ಟ್ ದಿನ ಇಟ್ಕೊಂಡು… ನೋಡು, ನಿನ್ನ ಕಾಳಜಿ ಇಲ್ಲದ್ದಕ್ಕ…" ಎಂದು ಹೆಂಡತಿಯ ಕಡೆ ತಿರುಗಿದರು.

"ಸುಮ್ನಿರೊ ತಮ್ಮಾ," ಎಂದರು ಅಜ್ಜಿ. "ಆ ಗೆರಿ ಹಾಕಿದಾಕಿ ನಾನು. ಕಂಬಕ್ಕ ಗುದ್ದಿಸಿದಾಕಿನೂ ನಾನ. ಬೈಯೋದಿದ್ರ ನನಗ ಬೈ. ನೀ ಹೋಗಿ ಕನ್ನಡಿ ನೋಡು ಮೊದಲು."

ಯಜಮಾನರಿಗೆ ತಲೆಬುಡ ಅರ್ಥವಾಗಲಿಲ್ಲ. ತಾಯಿಯ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು, ಎರಡರಲ್ಲೂ ಏನೂ ಸಿಗದೆ ಡ್ರೈವರ್ ಸೀಟಿನಲ್ಲಿ ಕುಳಿತರು. ಪರೀಕ್ಷೆಗೆಂದು ಭಾಯ್ ತನ್ನ ಸ್ಕೂಟರನ್ನು ಹಿಂದೆ ನಿಲ್ಲಿಸಿದ್ದ. ಅವರು ಅದರ ನಂಬರ್ ಸಲೀಸಾಗಿ ಓದಿದರು. ಕನ್ನಡಿಯಲ್ಲಿ ಅಂಕಿಗಳು ತಿರುಗಿ ಕಂಡರೂ ತಡವರಿಸಲಿಲ್ಲ. ಅಷ್ಟಕ್ಕೆ ಬಿಡುವ ಆಸಾಮಿಯೇ? ಸ್ಕೂಟರಿನ ಹಿಂದೆ, ರಸ್ತೆಯ ಆಚೆ ಬದಿಯಲ್ಲಿ ನೀರಿನ ಟ್ಯಾಂಕರೊಂದು ಬಂದು ನಿಂತಿತು. ಕತ್ತು ಮುಂದೆ ಮಾಡಿ, ಕಣ್ಣು ಕಿರಿದು ಮಾಡಿ, ಅದರ ನಂಬರನ್ನೂ ಅಕ್ಷರ ಬಿಡದೆ ಓದಿದರು. ಭಾಯ್ ಇಣುಕಿ ನೋಡಿ, "ಕರೆಕ್ಟ್ ಸಾರ್!" ಎಂದ, ತಾನೇ ಪರೀಕ್ಷೆ ಪಾಸಾದವನಂತೆ.

ಯಜಮಾನರು ಕೆಳಗಿಳಿದರು. ಮೇಡಂ ಮಾತಿಲ್ಲದೆ ಕೈ ಚಾಚಿದರು, ಅವರು ಮಾತಿಲ್ಲದೆ ಕೀ ಕೊಟ್ಟರು. ಅಷ್ಟರಲ್ಲಿ ಅಜ್ಜಿ ಪಕ್ಕದ ಸೀಟಿನಲ್ಲಿ ಕುಳಿತಾಗಿತ್ತು. ಬಾಗಿಲು ಹಾಕಿಕೊಂಡರು, ಗುಡಿಯ ದಾರಿ ಹಿಡಿದು ಹೊರಟೇಬಿಟ್ಟರು. ಎರಡೇ ಸೀಟಿನ ಗಾಡಿಯೆಂಬುದು ಆ ಗಳಿಗೆಯವರೆಗೆ ಯಜಮಾನರಿಗೆ ಹೊಳೆದಿರಲಿಲ್ಲವೆಂದು ಕಾಣುತ್ತದೆ. ನನ್ನ ಪಕ್ಕದಲ್ಲಿ ನಿಂತು ಉಳಿದರು.

ಕಾಡುಗೋಡಿಯ ಟ್ರಾಫಿಕ್ ಯಾರನ್ನೂ ಬೇಗ ಬಿಡುವುದಿಲ್ಲ. ಸ್ವಲ್ಪ ಮುಂದೆಯೇ ಕಾರು ಬಸ್ಸಿನ ಹಿಂದೆ ಸಿಕ್ಕಿಕೊಂಡು ನಿಂತಿತು. ಹಿಂದಿನ ಕಿಟಕಿಯಿಂದ ಒಳಗಿನದೆಲ್ಲ ಕಾಣುತ್ತಿತ್ತು. ಅಜ್ಜಿ ಸೊಸೆಯ ಕಡೆ ಪೂರ್ತಿ ತಿರುಗಿ ಕುಳಿತು ಎರಡೂ ಕೈ ಆಡಿಸಿಕೊಂಡು ಏನೋ ಹೇಳುತ್ತಿದ್ದರು. ಮೇಡಂ ಸ್ಟೀರಿಂಗಿನ ಮೇಲೆ ಹಣೆ ಆನಿಸಿ ನಗುತ್ತಿದ್ದರು, ಭುಜ ಕುಲುಕುತ್ತಿತ್ತು. ಅಜ್ಜಿ ಅವರ ತೋಳಿಗೊಂದು ಏಟು ಕೊಟ್ಟು ತಾವೂ ನಕ್ಕರು.

ಯಜಮಾನರು ಎರಡು ಹೆಜ್ಜೆ ಮುಂದೆ ಹೋಗಿ ನಿಂತರು.

"ಅವ್ವ ನಗಾಕತ್ತಾಳೇನ್ರಿ ಅದು?"

"ಹೌದು ಸಾರ್."

"ಮನ್ಯಾಗ ಒಂದು ಮಾತಿಲ್ಲ ಇಬ್ಬರದೂ. ನಾ ಕಣ್ಣಿಲೆ ಕಂಡಿಲ್ಲ ಹಿಂಗ." ನನ್ನ ಕಡೆ ತಿರುಗಿ ಕೇಳಿದರು, "ದಿನಾ ಹಿಂಗ ಇರ್ತಾರೇನು?"

"ಸೋಮವಾರ ಮಾತ್ರ ಅಂತೆ ಸಾರ್."

ಬಸ್ಸು ಸರಿಯಿತು. ಕೆಂಪು ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಅವರು ಕಣ್ಣು ತೆಗೆಯಲಿಲ್ಲ. ಆಮೇಲೆ ಜೇಬಿನಿಂದ ಫೋನ್ ತೆಗೆದು ಯಾರಿಗೋ ಮಾಡಿದರು. "ಹಲೋ, ಆ ಗಾಡಿ ಕೊಡಂಗಿಲ್ರಿ… ಇಲ್ಲಿಲ್ಲ, ರೇಟಿನ ಮಾತಲ್ಲ… ಮನ್ಯಾಗ ಬೇಕಾಗೈತಿ." ಫೋನನ್ನು ಜೇಬಿಗಿಳಿಸಿ, ಖಾಲಿಯಾದ ತಿರುವಿನ ಕಡೆಗೇ ನೋಡುತ್ತ ನಿಂತರು.

"ವಾರಕ್ಕ ಬರೇ ಒಂದ ಸೋಮವಾರ ಬರತೈತಲ್ರಿ," ಎಂದರು.